ಡಯೊನೀಸಿಯಸ್‌ನ ಸಮಗ್ರ ಕೃತಿಗಳು, ಪಾಲಿಸ್ಟ್ ಪ್ರೆಸ್: ಕೊಳ್ಳಬೇಕು, ಆದರೆ ಮೊದಲ ಪುಟದಿಂದ ಓದಬಾರದು

ಕ್ರೈಸ್ತ ಅನುಭಾವದ ಬೇರು ಗ್ರೀಕ್ ತತ್ತ್ವಶಾಸ್ತ್ರದಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಮೂಲ ಲೇಖಕನೊಬ್ಬನ ಮಾತಿನಲ್ಲೇ ನೋಡಬೇಕೆನ್ನುವವರಿಗೆ ಇಂಗ್ಲಿಷಿನಲ್ಲಿ ಈಗಲೂ ಮೊದಲು ಕೈಗೆ ಬರುವುದು 1987ರಲ್ಲಿ ಪಾಲಿಸ್ಟ್ ಪ್ರೆಸ್ ತಂದ ಈ ಸಂಪುಟ. ಅನುವಾದ ಕಾಲಮ್ ಲೂಯಿಬೀಡ್ ಅವರದು, ಅಡಿಟಿಪ್ಪಣಿ ಪಾಲ್ ರೋರಮ್ ಅವರದು. ಲೇಖಕನ ಹೆಸರಿನಲ್ಲಿ ಉಳಿದಿರುವುದೆಲ್ಲ ಈ ಒಂದೇ ಸಂಪುಟದಲ್ಲಿದೆ: ‘ದೇವನಾಮಗಳು’ 13 ಅಧ್ಯಾಯ, ‘ಅನುಭಾವ ದೈವಶಾಸ್ತ್ರ’ 5, ‘ಸ್ವರ್ಗೀಯ ಶ್ರೇಣಿ’ 15, ‘ಚರ್ಚಿನ ಶ್ರೇಣಿ’ 7, ಕೊನೆಗೆ 10 ಪತ್ರಗಳು. ಮುನ್ನೂರು ಚಿಲ್ಲರೆ ಪುಟಗಳಲ್ಲಿ ‘ಅನುಭಾವ ದೈವಶಾಸ್ತ್ರ’ದ ಪಾಲು ಕೇವಲ ಒಂಬತ್ತು. ಪುಸ್ತಕ ಕೊಳ್ಳುವುದಕ್ಕೆ ಆ ಒಂಬತ್ತು ಪುಟ ಸಾಕು.

ಲೇಖಕ ಯಾರೆಂಬುದನ್ನು ಮೊದಲು ತಿಳಿದಿರಬೇಕು. ಅಪೊಸ್ತಲರ ಕೃತ್ಯಗಳು 17:34ರಲ್ಲಿ ಅಥೆನ್ಸಿನಲ್ಲಿ ಪೌಲನ ಮಾತು ಕೇಳಿ ನಂಬಿದ ಡಯೊನೀಸಿಯಸ್ ಎಂಬವನ ಹೆಸರು ಬರುತ್ತದಲ್ಲ, ಈತ ತಾನೇ ಅವನೆಂದು ಹೇಳಿಕೊಳ್ಳುತ್ತಾನೆ. ಏಳನೆಯ ಪತ್ರದಲ್ಲಿ ಯೇಸುವಿನ ಶಿಲುಬೆಯ ಹೊತ್ತಿನ ಗ್ರಹಣವನ್ನು ಹೀಲಿಯೊಪೊಲಿಸ್‌ನಲ್ಲಿ ನಿಂತು ಕಂಡೆನೆಂದೂ ಬರೆಯುತ್ತಾನೆ. ಅದು ನಿಜವಲ್ಲ. ‘ದೇವನಾಮಗಳು’ 4ನೆಯ ಅಧ್ಯಾಯದಲ್ಲಿ ಕೆಡುಕನ್ನು ಕುರಿತು ಬರುವ ಭಾಗ (ಖಂಡ 18ರಿಂದ 35) 485ರಲ್ಲಿ ತೀರಿಕೊಂಡ ಅಥೆನ್ಸಿನ ತತ್ತ್ವಜ್ಞಾನಿ ಪ್ರೋಕ್ಲಸ್‌ನ ಗ್ರಂಥವನ್ನು ಹಿಡಿದು ಬರೆದದ್ದೆಂದು 1895ರಲ್ಲಿ ಹ್ಯೂಗೊ ಕೋಖ್, ಯೋಸೆಫ್ ಸ್ಟಿಗ್ಲ್‌ಮಾಯರ್ ಇಬ್ಬರೂ ಬೇರೆ ಬೇರೆಯಾಗಿ ತೋರಿಸಿಕೊಟ್ಟರು. 532ರ ಕಾನ್‌ಸ್ಟಾಂಟಿನೋಪಲ್ ಧರ್ಮಚರ್ಚೆಯ ಹೊತ್ತಿಗೆ ಈ ಬರಹಗಳು ಚಲಾವಣೆಯಲ್ಲಿದ್ದವು. ಹಾಗಾಗಿ ಬರೆದವನು ಐದನೆಯ ಶತಮಾನದ ಕೊನೆ, ಆರನೆಯದರ ಮೊದಲ ಭಾಗದವನು. ಹೆಸರು ಹುಸಿಯಾದ ಮಾತ್ರಕ್ಕೆ ಚಿಂತನೆ ಹುಸಿಯಲ್ಲ. ಮಧ್ಯಯುಗದ ದೊಡ್ಡ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಹೆಜ್ಜೆಹೆಜ್ಜೆಗೂ ಉದ್ಧರಿಸುವುದು ಇವನನ್ನೇ.

ಇನ್ನು ಅನುವಾದ. ಓದಲು ಬಲು ಸುಗಮ. ಅದರ ದೊಡ್ಡ ಗುಣವೂ ಇದೇ, ದೊಡ್ಡ ತೊಂದರೆಯೂ ಇದೇ. ಡಯೊನೀಸಿಯಸ್‌ನ ಗ್ರೀಕ್ ಒರಟು, ಬಿಗಿ, ಬೇಕೆಂದೇ ವಿಚಿತ್ರ. ‘ಅನುಭಾವ ದೈವಶಾಸ್ತ್ರ’ದ ಮೊದಲ ಸಾಲಿನಲ್ಲೇ ‘ಹೈಪರ್’ ಎಂಬ ಪೂರ್ವಪದ ಮೂರು ಸಲ ಸಾಲಾಗಿ ಬರುತ್ತದೆ (ಹೈಪರ್‌ಟೆನ್ಷನ್‌ನಲ್ಲಿರುವ ಹೈಪರ್ ಇದೇ): ಇರುವಿಕೆಗೆ ಮೀರಿದ, ದೈವತ್ವಕ್ಕೆ ಮೀರಿದ, ಒಳಿತಿಗೆ ಮೀರಿದ ತ್ರಿತ್ವವೇ ಎಂಬ ಪ್ರಾರ್ಥನೆ ಅದು (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದು ತ್ರಿತ್ವ). ಲೂಯಿಬೀಡ್ ಇದನ್ನು ಎರಡು ಆಶ್ಚರ್ಯಸೂಚಕ ಹಾಕಿ, ಯಾವುದೇ ಇರುವಿಕೆ, ದೈವತ್ವ, ಒಳಿತಿಗಿಂತ ಎತ್ತರದವನು ಎಂಬರ್ಥ ಬರುವಂತೆ ಬಿಡಿಸಿಬಿಟ್ಟಿದ್ದಾರೆ. ‘ಎತ್ತರ’ ಎಂದರೆ ಅದೇ ಏಣಿಯ ಮೇಲಿನ ಮೆಟ್ಟಿಲು ಎಂದಾಗುತ್ತದೆ. ಗ್ರೀಕಿನ ‘ಮೀರಿದ್ದು’ ಏಣಿಯನ್ನೇ ಬಿಟ್ಟದ್ದು. ಪ್ಲೇಟೋ ‘ರಿಪಬ್ಲಿಕ್’ 509ರಲ್ಲಿ (ಪ್ಲೇಟೋ ಆವೃತ್ತಿಗಳ ಅಂಚಿನಲ್ಲಿರುವ ಸಂಖ್ಯೆ ಇದು) ಒಳಿತು ಇರುವಿಕೆಗೂ ಆಚೆಯದು ಎಂದನಲ್ಲ, ಆ ಎಳೆ ಇಲ್ಲಿ ಕಣ್ತಪ್ಪಿ ಹೋಗುತ್ತದೆ.

ಇದಕ್ಕಿಂತ ನಷ್ಟ ತರುವ ಇನ್ನೊಂದು ಜಾಗವಿದೆ. ಪುಟದ ಅಂಚಿನಲ್ಲಿ ಮೀನ್ಯ ಸಂಪುಟದ, ಅಂದರೆ ಮೀನ್ಯ ಎಂಬವರು ತಂದ ಹಳೆಯ ಗ್ರೀಕ್ ಆವೃತ್ತಿಯ, ಅಂಕಣ ಸಂಖ್ಯೆಗಳಿವೆ, 1025 ಹುಡುಕಿ. ಶಿಲ್ಪಿ ಕಲ್ಲಿನಿಂದ ಬೇಡದ್ದನ್ನು ತೆಗೆದು ಒಳಗೆ ಅಡಗಿರುವ ಚೆಲುವನ್ನು ತೋರಿಸುವಂತೆ ಎಂಬ ಹೋಲಿಕೆ ಅಲ್ಲಿದೆ. ಇದು ಪ್ಲೇಟೋ ಪಂಥದ ತತ್ತ್ವಜ್ಞಾನಿ ಪ್ಲೊಟೈನಸ್‌ನ ‘ಎನಿಯಡ್ಸ್’ 1.6.9ರಲ್ಲಿ, ನಿನ್ನದೇ ಪ್ರತಿಮೆಯನ್ನು ಕೆತ್ತುತ್ತ ಇರು ಎಂಬ ಮಾತಿನಿಂದ ಇಳಿದು ಬಂದ ಚಿತ್ರ. ಡಯೊನೀಸಿಯಸ್ ಬಳಸುವ ಪದ ‘ಅಫೈರೆಸಿಸ್’, ಅಂದರೆ ತೆಗೆದುಹಾಕುವುದು. ಇರುವುದೆಲ್ಲವನ್ನೂ ‘ತೆಗೆಯುತ್ತ’ ಸ್ತುತಿಸುವುದಕ್ಕೂ ಶಿಲ್ಪಿಯ ಕೆಲಸಕ್ಕೂ ಅದೇ ಪದ. ಕೃತಿಯ ಕಟ್ಟಕಡೆಯ ವಾಕ್ಯದಲ್ಲಿ, 1048ರಲ್ಲಿ, ದೇವರು ಎಲ್ಲ ‘ತೆಗೆಯುವಿಕೆ’ಗೂ ಮೀರಿದವನು ಎನ್ನುವಾಗಲೂ ಅದೇ. ಲೂಯಿಬೀಡ್ ಮೊದಲನೆಯದನ್ನೂ ಕೊನೆಯದನ್ನೂ ‘ನಿರಾಕರಣೆ’ ಮಾಡಿ, ಶಿಲ್ಪಿಯ ಜಾಗದಲ್ಲಿ ಮಾತ್ರ ‘ಬದಿಗೆ ಸರಿಸುವುದು’ ಎಂದಿದ್ದಾರೆ. ಇದರಿಂದ ಓದುಗನಿಗೆ ಇದೆಲ್ಲ ಬರೀ ಅಲ್ಲ, ಅಲ್ಲ ಎನ್ನುವ ತರ್ಕದ ಆಟವಾಗಿ ಕಾಣುತ್ತದೆ. ಉಳಿಯ ಕೆಲಸವೆಂದು ಹೊಳೆಯುವುದೇ ಇಲ್ಲ. ಈ ಮೂರೂ ಕಡೆ ಪೆನ್ಸಿಲ್ಲಿನಲ್ಲಿ ‘ತೆಗೆಯುವುದು’ ಎಂದು ಬರೆದುಕೊಂಡು ಒಮ್ಮೆ ಓದಿ ನೋಡಿ, ಪಠ್ಯ ಬೇರೆಯೇ ಆಗುತ್ತದೆ.

ಮುನ್ನುಡಿಗಳ ವಿಷಯಕ್ಕೆ ಬಂದರೆ ನಿರಾಸೆಯೇ. ಯಾರೊಸ್ಲಾವ್ ಪೆಲಿಕನ್, ಜಾನ್ ಲೆಕ್ಲೆರ್ಕ್, ಕಾರ್ಲ್‌ಫ್ರೀಡ್ ಫ್ರೋಲಿಖ್ ಮೂವರೂ ಘನ ವಿದ್ವಾಂಸರು. ಬರೆದದ್ದೂ ಗಟ್ಟಿಯಾಗಿದೆ. ಆದರೆ ಅವರು ಹೇಳುವುದು ಹೆಚ್ಚಾಗಿ ಡಯೊನೀಸಿಯಸ್ ಆದಮೇಲೆ ಏನಾಯಿತು ಎಂಬುದನ್ನು: ಮಧ್ಯಯುಗ, ಲೂಥರ್, ಸುಧಾರಣೆಯ ಕಾಲ. ಅವನಿಗಿಂತ ಹಿಂದೆ ಏನಿತ್ತು ಎಂಬುದಕ್ಕೆ ಪ್ರತ್ಯೇಕ ಮುನ್ನುಡಿ ಇಲ್ಲ. ಬೈಬಲ್ ಉಲ್ಲೇಖಗಳನ್ನು ರೋರಮ್ ಶ್ರದ್ಧೆಯಿಂದ ಗುರುತಿಸಿದ್ದಾರೆ, ಅದಕ್ಕೆ ಋಣಿಯಾಗಿರಬೇಕು.

ಈ ಕೊರತೆ ತುಂಬಲು ಪ್ರೋಕ್ಲಸ್‌ನ ‘ದೈವಶಾಸ್ತ್ರದ ಮೂಲಾಂಶಗಳು’ ಪಕ್ಕದಲ್ಲಿರಲಿ, ಇ.ಆರ್. ಡಾಡ್ಸ್ ಆವೃತ್ತಿ, ಎದುರು ಪುಟದಲ್ಲಿ ಗ್ರೀಕ್ ಇರುವುದು. ಅದರ 211 ಪ್ರಮೇಯಗಳಲ್ಲಿ 35ನೆಯದು ಒಂದನ್ನು ಓದಿದರೂ ನಡೆದೀತು: ಕಾರ್ಯವೆಲ್ಲ ಕಾರಣದಲ್ಲಿ ನೆಲೆಸಿರುತ್ತದೆ, ಅದರಿಂದ ಹೊರಹೊಮ್ಮುತ್ತದೆ, ಅದಕ್ಕೇ ಮರಳುತ್ತದೆ. ಅದಾದ ಮೇಲೆ ‘ಸ್ವರ್ಗೀಯ ಶ್ರೇಣಿ’ಯ ಮೊದಲ ಖಂಡ ತೆಗೆಯಿರಿ. ಒಳ್ಳೆಯ ದಾನವೆಲ್ಲ ಮೇಲಿಂದ ಇಳಿದು ಬರುತ್ತದೆ ಎಂಬ ಯಾಕೋಬನ ಪತ್ರದ ಮಾತಿನಿಂದ ಶುರುವಾಗಿ, ಆ ಬೆಳಕು ನಮ್ಮನ್ನು ಮತ್ತೆ ಏಕತ್ವಕ್ಕೆ ತಿರುಗಿಸುತ್ತದೆ ಎಂಬಲ್ಲಿಗೆ ಅದೇ ಉಸಿರಿನಲ್ಲಿ ಹೋಗುತ್ತದೆ. ಬೈಬಲ್ ಯಾವುದು, ಪ್ರೋಕ್ಲಸ್ ಯಾವುದು ಎಂದು ಬಿಡಿಸಲು ಬಾರದಂಥ ಹೆಣಿಗೆ ಇದು. ವ್ಯತ್ಯಾಸವೂ ಇಲ್ಲೇ ಪಕ್ಕದಲ್ಲಿದೆ. ಪ್ರೋಕ್ಲಸ್‌ನಲ್ಲಿ ಇರುವಿಕೆ, ಜೀವ, ಬುದ್ಧಿ ಒಂದರ ಕೆಳಗೊಂದು ನಿಲ್ಲುವ ಹಂತಗಳು, ಅವಕ್ಕೆ ತಕ್ಕ ದೇವತೆಗಳೂ ಉಂಟು. ‘ದೇವನಾಮಗಳು’ 5, 6, 7ನೆಯ ಅಧ್ಯಾಯಗಳಲ್ಲಿ ಇರುವಿಕೆ, ಜೀವ, ಜ್ಞಾನ ಒಬ್ಬನೇ ದೇವರ ಹೆಸರುಗಳಾಗುತ್ತವೆ. ಒಂದೊಂದಕ್ಕೆ ಒಬ್ಬೊಬ್ಬ ದೇವರಿಲ್ಲ ಎಂದು 816ನೆಯ ಅಂಕಣದಲ್ಲಿ ಅವನೇ ಬಿಡಿಸಿ ಹೇಳುತ್ತಾನೆ. ಗ್ರೀಕ್ ಚೌಕಟ್ಟನ್ನು ಕ್ರೈಸ್ತನೊಬ್ಬ ಎಲ್ಲಿ ಮುರಿದು ಜೋಡಿಸಿದ ಎಂದು ಕೇಳಿದರೆ ಬೆರಳಿಟ್ಟು ತೋರಿಸಬಹುದಾದ ಜಾಗ ಅದು.

ಓದುವ ಕ್ರಮಕ್ಕೆ ಮಹತ್ವ ಕೊಡಿ. ಮುದ್ರಿತ ಕ್ರಮದಲ್ಲಿ ಹೊರಟವರು ಸಾಮಾನ್ಯವಾಗಿ ‘ದೇವನಾಮಗಳು’ 4ರಲ್ಲಿ, 35 ಖಂಡಗಳ ಆ ಉದ್ದನೆಯ ಅಧ್ಯಾಯದಲ್ಲಿ, ಸಿಕ್ಕಿಬಿದ್ದು ಪುಸ್ತಕ ಮುಚ್ಚುತ್ತಾರೆ. ಮೊದಲು ‘ಅನುಭಾವ ದೈವಶಾಸ್ತ್ರ’ದ ಐದೂ ಅಧ್ಯಾಯ ಓದಿ, ಕೂಡಲೇ 1 ಮತ್ತು 5ನೆಯ ಪತ್ರ. ಎರಡೂ ದೇವರ ಕತ್ತಲೆಯ ಬಗ್ಗೆ, ಎರಡೂ ಪುಟ್ಟವು. ಅನಂತರ ಪ್ಲೇಟೋನ ‘ಪಾರ್ಮೆನಿಡೀಸ್’ 137ರಿಂದ 142ರವರೆಗೆ. ಅಲ್ಲಿ ‘ಒಂದು’ ಚಲಿಸುವುದಿಲ್ಲ, ನಿಲ್ಲುವುದಿಲ್ಲ, ಸಮವಲ್ಲ, ಅಸಮವಲ್ಲ, ಅದಕ್ಕೆ ಹೆಸರಿಲ್ಲ, ಅರಿವಿಲ್ಲ ಎಂದು ಸಾಗುವ ಪಟ್ಟಿಯನ್ನು ‘ಅನುಭಾವ ದೈವಶಾಸ್ತ್ರ’ 5ರ ಪಕ್ಕ ಇಟ್ಟರೆ ಒಂದು ಇನ್ನೊಂದರ ಮೇಲೆ ಕೂರುತ್ತದೆ. ಡಯೊನೀಸಿಯಸ್ ಅದಕ್ಕೆ ಪಿತೃತ್ವ, ಪುತ್ರತ್ವ ಎಂಬುದನ್ನೂ ಸೇರಿಸಿ ತೆಗೆಯುತ್ತಾನೆ. ಮೊದಲ ಸಲ ಓದುವ ಯಾವ ಕ್ರೈಸ್ತನೂ ಬೆಚ್ಚುವ ಜಾಗ ಅದು. ಆಮೇಲೆ ‘ಸ್ವರ್ಗೀಯ ಶ್ರೇಣಿ’ 1ರಿಂದ 3, ‘ದೇವನಾಮಗಳು’ 1, ಮತ್ತು 4ರಲ್ಲಿ ಖಂಡ 17ರವರೆಗೆ. ಕೆಡುಕಿನ ಭಾಗ ಎರಡನೆಯ ಓದಿಗಿರಲಿ.

ಕನ್ನಡದ ಓದುಗರಿಗೆ ಇಲ್ಲಿ ‘ನೇತಿ ನೇತಿ’ ನೆನಪಾಗದೆ ಇರದು. ನೆನಪಾಗಲಿ, ಆದರೆ ಅಲ್ಲಿಗೇ ನಿಲ್ಲಬೇಡಿ. ‘ಅನುಭಾವ ದೈವಶಾಸ್ತ್ರ’ 1ರಲ್ಲಿ ಮೋಶೆ ಮೊದಲು ಶುದ್ಧನಾಗಿ, ಜನರಿಂದ ಬೇರೆಯಾಗಿ, ಆಯ್ದ ಯಾಜಕರೊಡನೆ ಬೆಟ್ಟ ಹತ್ತಿ, ಕೊನೆಗೆ ಕತ್ತಲೆಯೊಳಗೆ ಹೋಗುತ್ತಾನೆ. ಈ ಹೆಜ್ಜೆಗಳು ಪೂಜಾವಿಧಿಯ ಹೆಜ್ಜೆಗಳೂ ಹೌದು. ‘ಚರ್ಚಿನ ಶ್ರೇಣಿ’ 3ನೆಯ ಅಧ್ಯಾಯ, ಪ್ರಭುಭೋಜನದ ವಿವರಣೆ, ಬಿಟ್ಟವರಿಗೆ ಡಯೊನೀಸಿಯಸ್ ಒಂಟಿ ಧ್ಯಾನಿಯಾಗಿ ಕಾಣುತ್ತಾನೆ. ಅವನು ಹಾಗಿರಲಿಲ್ಲ.

ಗ್ರೀಕಿನ ವಿಮರ್ಶಾತ್ಮಕ ಆವೃತ್ತಿ ಬರ್ಲಿನ್ನಿನ ಡಿ ಗ್ರಾಯ್ಟರ್‌ನಿಂದ 1990, 1991ರಲ್ಲಿ ಎರಡು ಸಂಪುಟವಾಗಿ ಬಂತು, ಅಂದರೆ ಈ ಅನುವಾದ ಅಚ್ಚಾದ ಮೇಲೆ. ಗ್ರೀಕ್ ಬಾರದವರು ಪದಕ್ಕೆ ಪದ ಒಪ್ಪಿಸಿ ನೋಡಲು ಜಾನ್ ಪಾರ್ಕರ್ ಅವರ ಹಳೆಯ ಅನುವಾದ (1897, 1899) ಇಟ್ಟುಕೊಳ್ಳಬಹುದು, ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಉಚಿತ. ಪಾರ್ಕರ್ ಇವನನ್ನು ಪೌಲನ ಶಿಷ್ಯನೆಂದೇ ನಂಬಿದವರು, ಅವರ ಮುನ್ನುಡಿಯನ್ನು ದಾಟಿ ಹೋಗಿ. ಅವರ ಇಂಗ್ಲಿಷ್ ಎಡವುತ್ತ ಸಾಗುತ್ತದೆ, ಆದರೆ ‘ಹೈಪರ್’ಗಳನ್ನು ಉಳಿಸಿಕೊಂಡಿದೆ. ದಿನದ ಓದಿಗೆ ಲೂಯಿಬೀಡ್, ಅನುಮಾನ ಬಂದ ಸಾಲಿಗೆ ಪಾರ್ಕರ್.