ಡಬ್ಲಿನ್‌ನಲ್ಲಿ ಐರಿಷ್ ಹಾಡುಗಾರಿಕೆ ಕೇಳಲು ಟಿಕೆಟ್ ಕೊಳ್ಳುವ ಮುಂಚೆ ಇದನ್ನು ಓದಿ

ಬೇಸಿಗೆಯಲ್ಲಿ ಊರಿನಿಂದ ಅಪ್ಪ-ಅಮ್ಮನನ್ನು ಡಬ್ಲಿನ್‌ಗೆ ಕರೆಸಿಕೊಳ್ಳುವವರೆಲ್ಲ ದಯವಿಟ್ಟು ಗಮನಿಸಿ. ಪ್ರವಾಸಿಗರನ್ನೇ ನಂಬಿಕೊಂಡು ನಗರದ ನಡುವೆ ನಡೆಯುವ ಐರಿಷ್ ಗಾಯನದ ಸಂಜೆಗಳಿಗೆ ಪೋಸ್ಟರ್ ನೋಡಿ ದುಡ್ಡು ಕಟ್ಟಬೇಡಿ.

ನಾವು ಟಿಕೆಟ್ ತೆಗೆದ ಪುಟದಲ್ಲಿ ಕಪ್ಪು ನಿಲುವಂಗಿ ತೊಟ್ಟು ಮೇಣದಬತ್ತಿ ಹಿಡಿದು ನಿಂತ ದೊಡ್ಡ ಗಾಯಕವೃಂದದ ಫೋಟೋ ಇತ್ತು. ಪೂರ್ತಿ ಲೈವ್, ಶಾನ್-ನೋಸ್ (ಐರಿಷ್‌ನ ಹಳೆಯ ಶೈಲಿಯ) ಹಾಡುಗಳೂ ಇರುತ್ತವೆ ಎಂದು ಬರೆದಿದ್ದರು. 1987ರಲ್ಲಿ ಮೈಕಲ್ ಮೆಕ್‌ಗ್ಲಿನ್ ಕಟ್ಟಿದ 'ಅನೂನಾ' ವೃಂದದ ಹಾಡುಗಳನ್ನು ಬೆಂಗಳೂರಿನಲ್ಲಿದ್ದಾಗಿನಿಂದ ಕೇಳುತ್ತಾ ಬಂದವಳು ನಾನು. ಅಷ್ಟೊಂದು ದನಿಗಳು ಕಣ್ಣೆದುರೇ ಒಂದಾಗುವುದನ್ನು ಅಮ್ಮನೂ ಕೇಳಲಿ ಎಂಬ ಆಸೆ. ತಲಾ 45 ಯೂರೋ ಕೊಟ್ಟೆ.

ವೇದಿಕೆಗೆ ಬಂದವರು ಮೂವರು ಹೆಣ್ಣುಮಕ್ಕಳು, ಒಬ್ಬ ಕೀಬೋರ್ಡ್‌ನವನು, ಒಬ್ಬ ಫಿಡಲ್‌ನವನು. ಫೋಟೋದಲ್ಲಿದ್ದ ವೃಂದದ ಸುಳಿವೇ ಇಲ್ಲ. ಆದರೆ ಸ್ಪೀಕರಿನಿಂದ ಮಾತ್ರ ವೃಂದಗಾನ ಬರುತ್ತಲೇ ಇತ್ತು! ಮೂರನೆಯ ಹಾಡಿನ ನಡುವೆ ಎಡಗಡೆಯ ಹುಡುಗಿಗೆ ಕೆಮ್ಮು ಬಂತು. ಮೈಕ್ ಕೆಳಗಿಳಿಸಿ, ಪಕ್ಕಕ್ಕೆ ತಿರುಗಿ ಕೆಮ್ಮಿದಳು. ಅವಳ ಮೇಲಿನ ಸ್ವರ ಒಂದಿಷ್ಟೂ ಅಲುಗಲಿಲ್ಲ. ಅಮ್ಮ ಮೆಲ್ಲಗೆ ನನ್ನ ಕೈ ತಟ್ಟಿ, "ಅಲ್ಲ ಕಣೇ, ಆ ಮಗು ಬಾಯೇ ತೆಗೀಲಿಲ್ಲ, ಹಾಡು ನಿಲ್ಲಲೇ ಇಲ್ವಲ್ಲ" ಅಂದರು. ಸಂಗೀತ ಕಲಿತ ಕಿವಿ ಅವರದು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಶಾನ್-ನೋಸ್ ಎಂದು ಹೇಳಿ ಹಾಡಿದ್ದನ್ನು ಮಾತ್ರ ಕ್ಷಮಿಸಲಾರೆ. ಶಾನ್-ನೋಸ್ ಎಂದರೆ ಪಕ್ಕವಾದ್ಯವಿಲ್ಲದೆ ಒಬ್ಬರೇ ಐರಿಷ್ ಭಾಷೆಯಲ್ಲಿ ಹಾಡುವ ಪರಂಪರೆ. ತಾಳದ ಕಟ್ಟಿಲ್ಲ, ಸಾಹಿತ್ಯ ಎಳೆದಂತೆ ರಾಗ ಸಾಗುತ್ತದೆ. ನಮ್ಮ ಗಮಕಗಳ ಹಾಗೆ ಸ್ವರದ ಸುತ್ತ ಸಣ್ಣ ಬಳುಕುಗಳು. ಐರ್ಲೆಂಡಿನ ಪಶ್ಚಿಮದ ಕಾನಮಾರಾದ ಕಡೆ ಹಾಡುವವರ ಕೈಯನ್ನು ಕೇಳುಗರೊಬ್ಬರು ಹಿಡಿದು ನಿಧಾನವಾಗಿ ತಿರುಗಿಸುತ್ತಾ ಕೂರುವುದೂ ಉಂಟು. ಇಲ್ಲಿ ಅದರ ಕೆಳಗೆ ಸಿಂಥಸೈಜರ್ ಶ್ರುತಿ, ಲಯ ಕಟ್ಟಿದ ಟ್ರ್ಯಾಕ್, ಗುಹೆಯೊಳಗಿನಂಥ ಪ್ರತಿಧ್ವನಿ! ಪಕ್ಕದಲ್ಲಿದ್ದ ಪ್ರವಾಸಿಗಳು ಇದೇ ಶಾನ್-ನೋಸ್ ಎಂದುಕೊಂಡು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿದ್ದರು. ಹೊಟ್ಟೆ ಉರಿಯಿತು.

ವಿರಾಮದಲ್ಲಿ ಕೌಂಟರಿನಲ್ಲಿ ಕೇಳಿದೆ. ಇಮೇಲ್ ಕಳಿಸಿ ಎಂದರು. ಕಳಿಸಿದ್ದಕ್ಕೆ, "ಕಲಾವಿದರು ಬದಲಾಗಬಹುದು ಎಂದು ಷರತ್ತಿನಲ್ಲೇ ಇದೆ" ಎಂಬ ಉತ್ತರ ಬಂತು.

ಇಲ್ಲಿನ ಕಾನೂನನ್ನು ತಿಳಿದಿಟ್ಟುಕೊಳ್ಳಿ. ಆನ್‌ಲೈನ್ ಖರೀದಿಗಿರುವ 14 ದಿನಗಳ ರದ್ದತಿ ಹಕ್ಕು ನಿಗದಿತ ದಿನಾಂಕದ ಕಾರ್ಯಕ್ರಮಗಳ ಟಿಕೆಟ್‌ಗೆ ಅನ್ವಯಿಸುವುದಿಲ್ಲ. ಆದರೆ ಸೇವೆ ಹೇಳಿದಂತೆಯೇ ಇರಬೇಕೆಂದು 2022ರ ಗ್ರಾಹಕ ಹಕ್ಕು ಕಾಯ್ದೆ ಹೇಳುತ್ತದೆ. ಜಿಲ್ಲಾ ನ್ಯಾಯಾಲಯದ ಸಣ್ಣ ವ್ಯಾಜ್ಯ ವಿಭಾಗದಲ್ಲಿ 2,000 ಯೂರೋವರೆಗಿನ ದೂರನ್ನು 25 ಯೂರೋ ಶುಲ್ಕ ಕಟ್ಟಿ ನಾವೇ ಹಾಕಬಹುದು, ವಕೀಲರು ಬೇಕಿಲ್ಲ. ನಾನು ಮೊದಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ಪುಟದ ಸ್ಕ್ರೀನ್‌ಶಾಟ್ ಇದ್ದದ್ದರಿಂದ ಅವರು ದೂರು ತೆಗೆದುಕೊಂಡರು. ನೀವೂ ಟಿಕೆಟ್ ತೆಗೆಯುವ ದಿನವೇ ಒಂದು ತೆಗೆದಿಡಿ.

ಟಿಕೆಟ್ ಪುಟದಲ್ಲಿ ಹಾಡುವವರ ಹೆಸರೇ ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಹೆಸರಿದ್ದರೆ ಅವರ ಹಿಂದಿನ ಕಾರ್ಯಕ್ರಮದ ವಿಡಿಯೋ ಹುಡುಕಿ. ಹಿನ್ನೆಲೆಯಲ್ಲಿ ಧ್ವನಿಮುದ್ರಣ ಬಳಸುತ್ತೀರಾ ಎಂದು ಬರೆದು ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ.

ಅಸಲಿ ಹಾಡು ಹೇಗಿರುತ್ತದೆ ಎಂದು ಮೊದಲು ಕಿವಿಗೆ ಗೊತ್ತಿರಲಿ. ಕಾನಮಾರಾದ ಕಾರ್ನಾ ಊರಿನ ಜೋ ಹೀನಿ (1919–1984) ಹಾಡಿದ ಧ್ವನಿಮುದ್ರಣಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಶರತ್ಕಾಲದ ಇರಾಖ್ತಸ್ ಹಬ್ಬದ ಶಾನ್-ನೋಸ್ ಸ್ಪರ್ಧೆಯನ್ನು ಐರಿಷ್ ಭಾಷೆಯ ವಾಹಿನಿ ಟಿಜಿ4 ನೇರಪ್ರಸಾರ ಮಾಡುತ್ತದೆ. ಡಬ್ಲಿನ್‌ನಲ್ಲೇ ಎದುರು ಕೂತು ಕೇಳಬೇಕೆಂದರೆ 1979ರಿಂದ ನಡೆದುಬಂದ ಅನ್ ಗೋಲೀನ್ ಎಂಬ ಗಾಯಕರ ಕೂಟವಿದೆ. ಅಮ್ಮ ಊರಿಗೆ ಹೊರಡುವ ಮುಂಚೆ ಅವರನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.