ಬುಲೆಟ್‌ನ ಟಕ್‌ಟಕ್ ಸದ್ದಿಗೆ ಯಾವ ಮದ್ದು: ದಪ್ಪ ಆಯಿಲ್, ಅಗ್ಗದ ಲಿಫ್ಟರ್, ಸಾಲಿಡ್ ಲಿಫ್ಟರ್, ತೊಳೆದ ಹಳೆಯ ಲಿಫ್ಟರ್

ಸಿಲಿಂಡರನ್ನು ಬೋರ್ ಮಾಡಿಸಿ (ಸವೆದ ಒಳಗೋಡೆ ಕೊರೆಸಿ) ಹೊಸ ಪಿಸ್ಟನ್ ಹಾಕಿಸಿದ ಮೇಲೆ ರಾಯಲ್ ಎನ್‌ಫೀಲ್ಡ್‌ನ ಹಿಂದಿನ ಪೀಳಿಗೆಯ ಕ್ಲಾಸಿಕ್ 350ರ ಯುಸಿಇ (ಗೇರ್‌ಬಾಕ್ಸ್ ಸಹಿತ ಒಂದೇ ಕವಚದ) ಇಂಜಿನ್ ಟಕ್‌ಟಕ್ ಎನ್ನತೊಡಗಿದರೆ, ಹೊಸ ಲಿಫ್ಟರ್ (ವಾಲ್ವ್ ತೆರೆಯಲು ಪುಶ್‌ರಾಡನ್ನು ಎತ್ತುವ ಭಾಗ) ಕೊಳ್ಳಲು ಓಡುವ ಮೊದಲು ಹಳೆಯದನ್ನೇ ಬಿಚ್ಚಿ, ತೊಳೆದು, ಒಳಗಿನ ಗಾಳಿ ತೆಗೆದು ಮತ್ತೆ ಕೂರಿಸುವುದೇ ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ. ಅಗ್ಗದ ಜೋಡಿಯೊಂದಕ್ಕೆ ದುಡ್ಡು ಸುರಿದ ಮೇಲೆ ಈ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಎರಕದ ಕಬ್ಬಿಣದ ಹಳೆಯ ಬುಲೆಟ್ ಆಗಿದ್ದರೆ ಪಕ್ಕದ ಮುಚ್ಚಳ ತೆಗೆದು, ತಣ್ಣಗಿನ ಇಂಜಿನ್‌ನಲ್ಲಿ ಪುಶ್‌ರಾಡ್ (ಮೇಲಿನ ವಾಲ್ವ್ ತೆರೆಯಲು ಒತ್ತುವ ಕಡ್ಡಿ) ಬೆರಳಿಗೆ ಸಲೀಸಾಗಿ ತಿರುಗುವಂತೆ ಟ್ಯಾಪೆಟ್ ಸಂದು ಸೆಟ್ ಮಾಡಿದರೆ ಕೆಲಸ ಮುಗಿಯುತ್ತಿತ್ತು. ಯುಸಿಇಯಲ್ಲಿ ಆ ಕೆಲಸವನ್ನು ಹೈಡ್ರಾಲಿಕ್ ಲಿಫ್ಟರ್ ತಾನೇ ಮಾಡಿಕೊಳ್ಳುತ್ತದೆ. ಅದರೊಳಗಿನ ಸಣ್ಣ ಪ್ಲಂಜರ್‌ನ ಕೆಳಗೆ ಆಯಿಲ್ ತುಂಬುತ್ತದೆ, ಒಂದು ಪುಟ್ಟ ಗುಂಡು ಆ ಆಯಿಲ್ ಹಿಂದಕ್ಕೆ ಹೋಗದಂತೆ ತಡೆಯುತ್ತದೆ, ಹೀಗೆ ಪುಶ್‌ರಾಡ್ ಮತ್ತು ರಾಕರ್ (ವಾಲ್ವನ್ನು ಒತ್ತಿ ತೆರೆಯುವ ತೋಳು) ನಡುವೆ ಸಂದು ಉಳಿಯುವುದಿಲ್ಲ. ಆ ಗುಂಡಿನ ಕೆಳಗೆ ಧೂಳಿನ ಒಂದು ಕಣ ಸಿಕ್ಕಿಕೊಂಡರೆ, ಇಲ್ಲವೇ ಆಯಿಲ್ ಬದಲು ಗಾಳಿ ಸೇರಿಕೊಂಡರೆ, ಪ್ಲಂಜರ್ ಕುಸಿದು ಸದ್ದು ಹುಟ್ಟುತ್ತದೆ. ಲಿಫ್ಟರನ್ನು ಎತ್ತುವ ಕ್ಯಾಮ್ ತಿರುಗುವುದು ಪಿಸ್ಟನ್‌ಗೆ ಕೂಡಿದ ಕ್ರ್ಯಾಂಕ್‌ನ ಅರ್ಧ ವೇಗದಲ್ಲಾದ್ದರಿಂದ ಈ ಸದ್ದು ಪಿಸ್ಟನ್ ಬಡಿತಕ್ಕಿಂತ ನಿಧಾನವಾಗಿ, ಬಿಡಿಬಿಡಿಯಾಗಿ ಕೇಳಿಸುತ್ತದೆ. ಉದ್ದನೆಯ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗೊತ್ತಿ ಹಿಡಿದು, ತುದಿಯನ್ನು ರಾಕರ್ ಕವರ್ ಮೇಲೊಮ್ಮೆ, ಸಿಲಿಂಡರ್ ಬ್ಯಾರೆಲ್ ಮೇಲೊಮ್ಮೆ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ.

ದಪ್ಪ ಆಯಿಲ್ ಹಾಕಿ ಎಂಬುದು ಎಲ್ಲ ಗ್ಯಾರೇಜುಗಳಲ್ಲೂ ಮೊದಲು ಸಿಗುವ ಸಲಹೆ. ಈ ಇಂಜಿನ್‌ಗೆ ಹೇಳಿರುವುದು 15ಡಬ್ಲ್ಯೂ-50. ನಾನು 20ಡಬ್ಲ್ಯೂ-50 ಹಾಕಿ ನೋಡಿದೆ. ಮೊದಲ ಸಂಖ್ಯೆ ತಣ್ಣಗಿರುವಾಗಿನ ದಪ್ಪದ್ದು, ಎರಡನೆಯದು ಬಿಸಿಯಾದಾಗಿನದು. ಇಂಜಿನ್ ಕಾದ ಮೇಲೆ ಎರಡೂ 50ರ ದರ್ಜೆಯವೇ ಆದ್ದರಿಂದ ಬಿಸಿ ಇಂಜಿನ್‌ನ ಸದ್ದಿನಲ್ಲಿ ಬದಲಾವಣೆ ಕಾಣಲಿಲ್ಲ, ಬೆಳಗಿನ ತಣ್ಣಗಿನ ಸ್ಟಾರ್ಟಿಗಂತೂ ಆಯಿಲ್ ಮೇಲೇರುವುದು ತಡವಾಗಿ ಸದ್ದು ಇನ್ನಷ್ಟು ಹೊತ್ತು ಉಳಿಯಿತು. ಸದ್ದಡಗಿಸುವುದೆಂದು ಮಾರುವ ಬಾಟಲಿಯ ದ್ರಾವಣಗಳನ್ನು ನಾನು ಮುಟ್ಟಲಿಲ್ಲ. ಈ ಬೈಕಿನಲ್ಲಿ ಕ್ಲಚ್ ಪ್ಲೇಟುಗಳೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ, ಜಾರುವ ಗುಣದ ವಸ್ತು ಸೇರಿಸಿದರೆ ಕ್ಲಚ್ ಸ್ಲಿಪ್ ಆಗುವ ಅಪಾಯವಿದೆ.

ಎರಡನೆಯದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಒರಿಜಿನಲ್‌ನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕ ಜೋಡಿ. ನೋಡಲು ಫಳಫಳ ಹೊಳೆಯುತ್ತಿತ್ತು, ಕೂರಿಸಿದ ದಿನ ಇಂಜಿನ್ ಹೊಲಿಗೆ ಯಂತ್ರದಷ್ಟು ಮೆತ್ತಗೆ ಓಡಿತು. ಆದರೆ ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳುವಷ್ಟರಲ್ಲಿ ಇಂಜಿನ್ ಚೆನ್ನಾಗಿ ಕಾದು, ಹಳೆಯ ಸದ್ದು ಹಾಗೆಯೇ ಮರಳಿತು. ಮತ್ತೆ ಬಿಚ್ಚಿಸಿ, ಎರಡೂ ಜೋಡಿಗಳಿಗೆ ಆಯಿಲ್ ತುಂಬಿಸಿ, ಮೇಜಿನ ಮೇಲೆ ನಿಲ್ಲಿಸಿ ಪುಶ್‌ರಾಡ್‌ನಿಂದ ಒಂದೇ ಸಮನೆ ಒತ್ತಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು: ಹೊಸ ಪ್ಲಂಜರ್ ಬೆಣ್ಣೆಯೊಳಗೆ ಬೆರಳಿಟ್ಟಂತೆ ಇಳಿದುಹೋಯಿತು, ತೊಳೆದ ಹಳೆಯದು ಜಪ್ಪಯ್ಯ ಎಂದರೂ ಕದಲಲಿಲ್ಲ. ಪ್ಲಂಜರ್‌ಗೂ ಅದರ ಗೂಡಿಗೂ ನಡುವಿನ ಸಂದು ಕೂದಲೆಳೆಗಿಂತ ಬಹಳ ಕಿರಿದಾಗಿರಬೇಕು. ಅದು ಸಡಿಲವಾಗಿದ್ದರೆ, ಬಿಸಿಗೆ ತೆಳುವಾದ ಆಯಿಲ್ ಸೋರಿಹೋಗುತ್ತದೆ. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ.

ಒಳಗೆ ಲೇತ್‌ನಲ್ಲಿ ಮಾಡಿಸಿದ ತುಂಡನ್ನಿಟ್ಟು ಲಿಫ್ಟರನ್ನು ಸಾಲಿಡ್ ಮಾಡಿಬಿಡುವ ಕ್ರಮವೂ ಇದೆ. ಪರಿಚಿತರೊಬ್ಬರ ಅಂಥ ಬೈಕನ್ನು ಓಡಿಸಿದ್ದೇನೆ. ಲೋಹ ಹಿಗ್ಗಲೆಂದು ಬಿಟ್ಟ ಸಂದಿನಿಂದಾಗಿ ಅದು ಸದಾ ಸಣ್ಣಗೆ ಸದ್ದು ಮಾಡುತ್ತಲೇ ಇರುತ್ತದೆ. ನನಗೆ ಬೇಡ.

ಇನ್ನು ನಾನು ಮೆಚ್ಚಿದ ವಿಧಾನ. ಬಿಚ್ಚಿದಾಗ ಹಳೆಯ ಲಿಫ್ಟರ್‌ಗಳ ತಳದಲ್ಲಿ ಬೂದು ಬಣ್ಣದ ನುಣ್ಣನೆಯ ಕೆಸರು ಸಿಕ್ಕಿತು. ಬೋರ್ ಮಾಡಿ ಹೋನಿಂಗ್ (ಸಿಲಿಂಡರ್ ಗೋಡೆಯನ್ನು ಕಲ್ಲಿನಿಂದ ಉಜ್ಜುವುದು) ಮಾಡಿದ ಮೇಲೆ ಸರಿಯಾಗಿ ತೊಳೆಯದೆ ಬಿಟ್ಟ ಪುಡಿ ಆಯಿಲ್‌ನೊಂದಿಗೆ ಹರಿದು ಅಲ್ಲಿ ನೆಲೆಸಿತ್ತು. ಪ್ಲಂಜರನ್ನು ಹಿಡಿದಿಡುವ ಸರ್ಕ್ಲಿಪ್ ತೆಗೆದು, ಒಂದರ ಪ್ಲಂಜರ್ ಇನ್ನೊಂದಕ್ಕೆ ಸೇರದಂತೆ ಎರಡು ಬೇರೆ ತಟ್ಟೆಗಳಲ್ಲಿಟ್ಟು, ಸೀಮೆಎಣ್ಣೆಯಲ್ಲಿ ತೊಳೆದು, ಬಳಿಕ ಹೊಸ ಆಯಿಲ್‌ನಲ್ಲಿ ಮುಳುಗಿಸಿ, ತೆಳ್ಳನೆಯ ತಂತಿಯಿಂದ ಗುಂಡನ್ನು ಮೆಲ್ಲಗೆ ಒತ್ತುತ್ತ ಗುಳ್ಳೆ ನಿಲ್ಲುವವರೆಗೆ ಪ್ಲಂಜರನ್ನು ಆಡಿಸಬೇಕು. ಆಯಿಲ್ ಬರುವ ದಾರಿಗಳನ್ನೂ ತೊಳೆಸದಿದ್ದರೆ ಈ ಶ್ರಮವೆಲ್ಲ ನೀರಿನಲ್ಲಿ ಹೋಮ.

ಇಲ್ಲಿರುವ ಒಂದೇ ಕಿರಿಕಿರಿ ಜೋಡಿಸಿದ ಮೇಲೆ ಎದುರಾಗುತ್ತದೆ. ಪೂರ್ತಿ ಆಯಿಲ್ ತುಂಬಿದ ಲಿಫ್ಟರ್ ತನ್ನ ಪೂರ್ಣ ಉದ್ದಕ್ಕೆ ನಿಂತಿರುವುದರಿಂದ ರಾಕರ್ ಬಿಗಿದ ಕೂಡಲೇ ವಾಲ್ವ್‌ಗಳು ತುಸು ತೆರೆದೇ ಉಳಿಯುತ್ತವೆ. ಕಿಕ್ಕರ್ ಒತ್ತಿದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಅದುಮಿದಾಗಿನ ತಡೆ) ಇಲ್ಲದೆ ಕಾಲು ಸುಮ್ಮನೆ ಕೆಳಗಿಳಿಯುತ್ತದೆ. ನಮ್ಮ ಮೆಕ್ಯಾನಿಕ್ ಇದನ್ನು ಕಂಡು ವಾಲ್ವ್ ಬಾಗಿದೆಯೆಂದೇ ತೀರ್ಮಾನಿಸಿ ಹೆಡ್ ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡಿದ್ದರು. “ಅಣ್ಣಾ, ಒಂದು ಕಾಫಿ ಕುಡಿದು ಬರೋಣ, ಆಮೇಲೆ ನೋಡೋಣ” ಎಂದು ಕರೆದುಕೊಂಡು ಹೋದೆ. ವಾಲ್ವ್ ಸ್ಪ್ರಿಂಗ್‌ನ ಒತ್ತಡ ಹೆಚ್ಚಿನ ಆಯಿಲನ್ನು ಹನಿಹನಿಯಾಗಿ ಹೊರದೂಡುವವರೆಗೆ ಕಾಯುವುದಲ್ಲದೆ ಬೇರೆ ಉಪಾಯವಿಲ್ಲ. ಆ ಹೊತ್ತಿನಲ್ಲಿ ಅವಸರದಿಂದ ಸೆಲ್ಫ್ ಸ್ಟಾರ್ಟ್ ಒತ್ತಿದರೆ ತೆರೆದ ವಾಲ್ವ್ ಪಿಸ್ಟನ್‌ಗೆ ತಾಗಬಹುದು, ಪುಶ್‌ರಾಡ್ ಬಾಗಬಹುದು. ಕಾಫಿ ಮುಗಿದು, ಅವರು ಇನ್ನೊಂದು ಸ್ಕೂಟರಿನ ಬ್ರೇಕ್ ಶೂ ಬದಲಿಸಿ ಬಂದ ಮೇಲೆ ಸ್ವಿಚ್ ಆರಿಸಿಟ್ಟು ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತಿದಾಗ ಕಂಪ್ರೆಷನ್‌ನ ತಡೆ ಕೈಗೆ ಸಿಕ್ಕಿತು. ಸ್ಟಾರ್ಟ್ ಆದ ಮೊದಲ ಕೆಲವು ನಿಮಿಷ ಉಳಿದ ಗಾಳಿ ಹೋಗುವವರೆಗೆ ಸದ್ದಿತ್ತು, ಆಮೇಲೆ ನಿಂತಿತು. ಅದೇ ಘಾಟಿಯನ್ನು ಬೇಸಗೆಯಲ್ಲಿ ಹತ್ತಿಳಿದರೂ ಮರಳಿಲ್ಲ.

ಖರ್ಚಿನ ಲೆಕ್ಕದಲ್ಲಿ ಇದಕ್ಕೆ ತಗಲಿದ್ದು ಗ್ಯಾಸ್ಕೆಟ್, ಆಯಿಲ್ ಮತ್ತು ಕೂಲಿ ಮಾತ್ರ. ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿಬರುವುದು, ಉಳಿದ ದಿನ ಪೇಟೆಯೊಳಗೆ ಓಡಾಡುವುದು, ಇಷ್ಟೇ ನನ್ನ ಸವಾರಿಯಾದ್ದರಿಂದ ಒಂದು ದಿನ ಬೈಕ್ ಗ್ಯಾರೇಜಿನಲ್ಲಿ ನಿಂತರೆ ನನಗೇನೂ ನಷ್ಟವಿಲ್ಲ. ದಿನವೂ ಬೈಕನ್ನೇ ನಂಬಿ ಕೆಲಸಕ್ಕೆ ಹೋಗುವವರು, ಅಥವಾ ಪ್ಲಂಜರ್ ಮೇಲೆ ಉಗುರಿಗೆ ತಗಲುವಂಥ ಗೀರು ಕಂಡವರು, ತೊಳೆಯುವ ಗೊಡವೆಗೆ ಹೋಗದೆ ಒರಿಜಿನಲ್ ಜೋಡಿಯನ್ನೇ ತರಲಿ. ಆಗಲೂ ಪೊಟ್ಟಣದಿಂದ ತೆಗೆದವನ್ನು ಹಾಗೆಯೇ ಕೂರಿಸದೆ ಆಯಿಲ್‌ನಲ್ಲಿ ಮುಳುಗಿಸಿ ಗಾಳಿ ತೆಗೆಯಬೇಕು, ಜೋಡಿಸುವವರೆಗೂ ನೆಟ್ಟಗೆ ನಿಲ್ಲಿಸಿಡಬೇಕು.