ಎಲ್ ಎಹಿದೋದ ಹಸಿರುಮನೆ ಟೂರ್: ನಮ್ಮ ಕಡೆಯ ಕೃಷಿಕರು ಹೋಗ್ಬಹುದಾ?

ಸ್ಪೇನ್‌ನ ಅಲ್ಮೆರಿಯಾ ಜಿಲ್ಲೆಯಲ್ಲಿ, ಮೆಡಿಟರೇನಿಯನ್ ಕಡಲ ಬದಿ ಎಲ್ ಎಹಿದೋ ಅಂತ ಊರು ಉಂಟು, ಅಲ್ಲಿ ತರಕಾರಿ ಬೆಳೆಯುವ ಹಸಿರುಮನೆ ಒಳಗೆ ಕರ್ಕೊಂಡು ಹೋಗಿ ತೋರಿಸ್ತಾರೆ. ಮಗಳು ಆ ದೇಶದಲ್ಲಿ ಓದುವ ಕಾರಣ ನಾವೂ ಹೋದೆವು. ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆ) ಹಾಕುವ ಅಂದಾಜಿರುವವರು ಖಂಡಿತ ನೋಡಿ.

ಬಸ್ಸಿಂದ ನೋಡಿದ್ರೆ ಗುಡ್ಡದ ಬುಡದಿಂದ ಸಮುದ್ರದವರೆಗೆ ಬಿಳಿ ಪ್ಲಾಸ್ಟಿಕ್ಕೇ, ಜಿಲ್ಲೆಯಲ್ಲಿ 30,000 ಹೆಕ್ಟೇರಿಗಿಂತ ಜಾಸ್ತಿ ಉಂಟು. ಮಳೆ ವರ್ಷಕ್ಕೆ ಸುಮಾರು 200 ಮಿ.ಮೀ. ಅಷ್ಟೇ ಮಾರ್ರೆ, ನಮ್ಮಲ್ಲಿ ಜೂನಲ್ಲಿ ಎರಡು ಮೂರು ದಿನಕ್ಕೆ ಬೀಳುವಷ್ಟು. 1963ರಲ್ಲಿ ಪಕ್ಕದ ರೊಕೇತಾಸ್‌ನಲ್ಲಿ ದ್ರಾಕ್ಷಿ ಚಪ್ಪರದ ಹಾಗಿನ ಕಂಬ-ತಂತಿಗೆ ಪ್ಲಾಸ್ಟಿಕ್ ಹಾಕಿ ಶುರು ಮಾಡಿದ್ದು. ನೆಲದಲ್ಲಿ ಮಣ್ಣು, ಮೇಲೆ ಗೊಬ್ಬರ, ಅದರ ಮೇಲೆ ಹೊಯಿಗೆ ಹಾಸ್ತಾರೆ, ಬೇಗ ಆರುದಿಲ್ಲ.

ನಂಗೆ ಮುಖ್ಯ ಅನ್ನಿಸಿದ್ದು ಹುಳಗಳು. ದೊಣ್ಣೆಮೆಣಸಿನ ಗಿಡದಲ್ಲಿ ಸಣ್ಣ ಕಾಗದದ ಪ್ಯಾಕೆಟ್ ನೇತಾಡ್ತಾ ಇತ್ತು, ಗೈಡ್ ಅದನ್ನು ನನ್ನ ಅಂಗೈಗೆ ತಟ್ಟಿದ್ರು, ತೌಡಿನ ಹುಡಿ ಬಿತ್ತು, ಕಣ್ಣ ಹತ್ರ ಹಿಡಿದು ನೋಡಿದ್ರೆ ಹುಡಿಯೇ ನಡೀತಾ ಉಂಟು! ಅದೊಂದು ಜಾತಿ ನುಸಿ, ಬಿಳಿನೊಣದ ಮೊಟ್ಟೆ, ರಸ ಹೀರುವ ಥ್ರಿಪ್ಸ್ ಕೀಟದ ಮರಿ ಎಲ್ಲ ತಿಂತದೆ. 2006ರ ಕೊನೆಗೆ ಅಲ್ಲಿಯ ದೊಣ್ಣೆಮೆಣಸಲ್ಲಿ ನಿಷೇಧ ಮಾಡಿದ ಕೀಟನಾಶಕ ಜರ್ಮನಿಯಲ್ಲಿ ಸಿಕ್ಕಿಬಿತ್ತು, ಮಾರ್ಕೆಟ್ ಹೋಗ್ತದೆ ಅಂತ ಹೆದರಿ ಮೆಣಸಿನವರು ಕೆಲವೇ ವರ್ಷದಲ್ಲಿ ಹೆಚ್ಚುಕಮ್ಮಿ ಎಲ್ಲರೂ ವಿಷದ ಬದಲು ಇಂಥ ಹುಳ ಬಿಡ್ಲಿಕ್ಕೆ ಶುರು ಮಾಡಿದ್ರು. ನಮ್ಮ ಕಾಸರಗೋಡಿನ ಎಣ್ಮಕಜೆ, ಪಡ್ರೆ, ಸ್ವರ್ಗ ಅನ್ನುವ ಊರುಗಳಲ್ಲಿ ಕೀಟನಾಶಕದಿಂದ ಕಾಯಿಲೆ ಬಿದ್ದವರ ಮನೆಗಳನ್ನು ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ಗೇರುಗುಡ್ಡೆಗಳ ಮೇಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟದ್ದು 2000ದವರೆಗೆ, ದೇಶದಲ್ಲಿ ನಿಂತದ್ದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ. ಅಲ್ಲಿ ಕೊಳ್ಳುವವರು ಬೇಡ ಅಂದ ಕೂಡ್ಲೆ ವಿಷ ಕಮ್ಮಿ ಆಯ್ತು, ಇಲ್ಲಿ ಮಕ್ಕಳು ಮಲಗಿದಲ್ಲೇ ಆದ ಮೇಲೂ ಅಷ್ಟು ವರ್ಷ ಬೇಕಾಯ್ತು.

ನೀರಿನ ವಿಷಯ ಗೈಡ್ ಮುಚ್ಚಿಡ್ಲಿಲ್ಲ, ಅಂತರ್ಜಲ ಎಳೆದು ಎಳೆದು ಈಗ ಬಾಲೆರ್ಮದಲ್ಲಿ ಕಡಲ ನೀರನ್ನು ಸಿಹಿ ಮಾಡಿ ಕೊಡುವ ಪ್ಲಾಂಟ್ ಉಂಟು. ಆದ್ರೆ ಕೆಲಸದವರ ಬಗ್ಗೆ ಒಂದು ಮಾತೂ ಇಲ್ಲ, ಅದು ನಂಗೆ ಸರಿ ಕಾಣ್ಲಿಲ್ಲ. ಕೊಯ್ಯುವವರಲ್ಲಿ ಮೊರಾಕೊ ಮತ್ತೆ ಆಫ್ರಿಕದ ಬೇರೆ ದೇಶದವರು ತುಂಬ ಜನ, ಕೆಲವರು ಹಲಗೆ, ಹಳೇ ಪ್ಲಾಸ್ಟಿಕ್ ಕಟ್ಟಿದ ಜೋಪಡಿಯಲ್ಲಿ ಇದ್ದಾರೆ, 2000ದ ಫೆಬ್ರವರಿಯಲ್ಲಿ ಇದೇ ಊರಲ್ಲಿ ಅವರ ಮೇಲೆ ದೊಡ್ಡ ದಾಳಿಯೇ ಆಗಿತ್ತು. ಗಲ್ಫಲ್ಲಿ ದುಡಿಯುವ ಮಕ್ಕಳಿರುವ ಊರಿನವರು ನಾವು, ನೀವು ಹೋದ್ರೆ ಗೈಡ್ ಹತ್ರ ಇದನ್ನು ಕೇಳಿಯೇ ಬನ್ನಿ.

ಜುಲೈ-ಆಗಸ್ಟಲ್ಲಿ ಹೋಗ್ಬೇಡಿ, ಹೆಚ್ಚಿನ ಹಸಿರುಮನೆಗಳು ಖಾಲಿ ಇರ್ತವೆ, ಚಳಿಗಾಲದಲ್ಲೇ ಬೆಳೆ ಜೋರು. ಮತ್ತೆ ಅವರ ಚಪ್ಪಟೆ ಮಾಡು ನೋಡಿ ಇಲ್ಲಿ ಬಂದು ಹಾಗೇ ಕಟ್ಲಿಕ್ಕೆ ಹೋಗ್ಬೇಡಿ, 3,000 ಮಿ.ಮೀ. ದಾಟುವ ನಮ್ಮ ಮಳೆಗೆ ಅದು ನಿಲ್ಲುದಿಲ್ಲ.